ತಮ್ಮನ ಗಿಟಾರಿಗೆ ಮೂರು ಸಲ ಪಾಲಿಶ್

ಮರಕ್ಕೆ ಪಾಲಿಶ್ ಹಾಕಿ ಹೊಟ್ಟೆ ಹೊರೆದವನಿಗೆ ನಗೆಪಾಟಲಿನ ಪ್ರಸಂಗಗಳಿಗೆ ಯಾವತ್ತೂ ಬರ ಇರಲ್ಲ. ಒಣಗದ ಕುರ್ಚಿ ಮೇಲೆ ಕೂತು, ಪಂಚೆ ಅಲ್ಲೇ ಬಿಟ್ಟು ಎದ್ದ ಶ್ಯಾನುಭೋಗರನ್ನ ನೋಡಿದೀನಿ. ಮಗಳ ಮದುವೆ ಮಂಚಕ್ಕೆ "ಇನ್ನೂ ಕೆಂಪಗಿರ್ಲಿ, ಇನ್ನೂ ಕೆಂಪಗಿರ್ಲಿ" ಅಂತ ಹೇಳಿ ಹೇಳಿ ಹಾಕಿಸಿ, ಬೆಳಗ್ಗೆ ಅಳಿಯನ ಬೆನ್ನು ಕೆಂಪಾಗಿದ್ದಕ್ಕೆ ನನ್ನ ಮೇಲೆ ಜಗಳಕ್ಕೆ ಬಂದ ಗೌಡರನ್ನೂ ನೋಡಿದೀನಿ. ಅವೆಲ್ಲ ಊರೋರ ಮಾನ ಹೋದ ಕತೆ. ಹೇಳೋಕೆ ಖುಷಿ. ಇವತ್ತು ನನ್ನ ಮಾನ ಹೋದ ಕತೆ ಹೇಳ್ತೀನಿ. ನಗು ಬಂದ್ರೆ ನಗಿ, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ.

ಸಾವಿರದ ಒಂಬೈನೂರ ಎಪ್ಪತ್ತರ ಆಸುಪಾಸು. ನಾವು ದೊಡ್ಡಬಳ್ಳಾಪುರದಲ್ಲಿದ್ವಿ. ಮೂಲದಲ್ಲಿ ದೊಡ್ಡಬೆಳವಂಗಲದ ಕಡೆಯ ಒಕ್ಕಲು ಜನ. ಅಪ್ಪ ತೀರಿಕೊಂಡ ಮೇಲೆ ಹೊಲಾನ ಚಿಕ್ಕಪ್ಪನಿಗೆ ಬೆಳೆ ಪಾಲಿಗೆ ಬಿಟ್ಟು, ಅವ್ವ ನಮ್ಮಿಬ್ಬರನ್ನೂ ಕಟ್ಟಿಕೊಂಡು ಪೇಟೆಗೆ ಬಂದಳು. ನಾನು ಬೆಂಗಳೂರು ದಂಡಿನ, ಅಂದ್ರೆ ಕಂಟೋನ್ಮೆಂಟಿನ, ಒಂದು ಫರ್ನಿಚರ್ ಅಂಗಡಿಯಲ್ಲಿ ಪಾಲಿಶ್ ಕೆಲಸ ಕಲಿತು ಬಂದೆ. ತಮ್ಮ ಒಬ್ಬ ಸಾಹುಕಾರರ ಕರೆಂಟ್ ಮಗ್ಗಕ್ಕೆ ಸೇರಿದ. ಸೇರಿದ ಎರಡನೇ ವರ್ಷ, ದೇಶ ಬಿಟ್ಟು ಹೋಗ್ತಿದ್ದ ದಂಡಿನ ಒಂದು ಮನೆಯವರ ಹತ್ರ ಹಳೇ ಗಿಟಾರ್ ಒಂದನ್ನ ತಗೊಂಡು, ಬಸ್ಸಿನಲ್ಲಿ ಮಗೂನ ಕೂರಿಸಿಕೊಂಡ ಹಾಗೆ ತೊಡೆ ಮೇಲಿಟ್ಟುಕೊಂಡು ಬಂದ. ಯಾರೂ ಹೇಳಿಕೊಡಲಿಲ್ಲ, ತಾನೇ ಕಲಿತ. ಸಾಯಂಕಾಲ ಜಗಲಿ ಮೇಲೆ ಕೂತು ಬಾರಿಸಿದರೆ, ಪಾಳಿ ಮುಗಿಸಿ ಬರೋ ಮಗ್ಗದವರು ಬೀಡಿ ಹಚ್ಚಿಕೊಂಡು ನಿಂತುಬಿಡೋರು. ಅವ್ವ ಅದನ್ನ "ದೊಡ್ಡ ಪಿಟೀಲು" ಅಂತಿದ್ದಳು. ಮದುವೆ ಮನೆಗಳಿಗೂ ಅವನನ್ನ ಕರೀತಿದ್ರು.

ಒಂದು ದಿನ ಮಗ್ಗದ ಹಲ್ಲುಚಕ್ರಕ್ಕೆ ಅವನ ಎಡಗೈ ಸಿಕ್ಕಿಹಾಕ್ಕೊಂಡ್ತು. ಮೂರು ಬೆರಳು ಹೋದವು. ಉಳಿದದ್ದು ಹೆಬ್ಬೆರಳು, ಕಿರುಬೆರಳು. ಗಿಟಾರಿನಲ್ಲಿ ತಂತಿ ಒತ್ತಿ ಹಿಡಿಯೋದು ಎಡಗೈಯೇ. ಅವನಿಗಾಗ ಇಪ್ಪತ್ತೆರಡು ವರ್ಷ.

ಆಸ್ಪತ್ರೆಯಿಂದ ಬಂದವನು ಗೋಡೆ ಕಡೆ ಮುಖ ಮಾಡಿ ಮಲಗಿದ. ಮಾತು ನಿಲ್ಲಿಸಿಬಿಟ್ಟ. ಒಂದು ದಿನ ಅಲ್ಲ, ಎರಡು ದಿನ ಅಲ್ಲ, ನಾಲ್ಕು ತಿಂಗಳು. ಅವ್ವ ಕಲಸಿ ಬಾಯಿಗಿಟ್ಟರೆ ಎರಡು ತುತ್ತು, ಅಷ್ಟೇ. ಒಂದು ಬೆಳಗ್ಗೆ ಎದ್ದು ಸುಮ್ಮನೆ ಕೆರೆ ಕಡೆ ನಡೆದಿದ್ದಾನೆ. ಅವ್ವ ಹಿಂದೆಯೇ ಓಡಿ, ರಟ್ಟೆ ಹಿಡಿದು ಕರ್ಕೊಂಡು ಬಂದಳು. ಅವತ್ತು ನನ್ನ ಮುಂದೆ ಕೂತು ಅತ್ತಳು. "ಏನಾದ್ರೂ ಮಾಡೋ ಮಗ. ಅವನ ಬಾಯಿಂದ ಒಂದು ಮಾತು ಬರೋ ಹಂಗೆ ಮಾಡೋ. ಹಿಂಗೇ ಬಿಟ್ರೆ ನಮಗೆ ಉಳಿಯಲ್ಲ ಅವನು" ಅಂದಳು.

ನಾನೇನು ಡಾಕ್ಟರಾ? ನನಗೆ ಗೊತ್ತಿದ್ದ ವಿದ್ಯೆ ಒಂದೇ. ಮೂಲೆಯಲ್ಲಿದ್ದ ಗಿಟಾರನ್ನ ಎತ್ತಿ ನೋಡಿದೆ. ಹಳೇ ಪಾಲಿಶ್ ಬಿರುಕು ಬಿಟ್ಟು ಚಕ್ಕೆ ಏಳ್ತಿತ್ತು. ಇದನ್ನ ಹೊಸ ಮಂಚದ ಹಾಗೆ ಹೊಳೆಯೋ ಹಾಗೆ ಮಾಡಿ ಮುಂದಿಟ್ಟರೆ, ಒಂದು ಸಲ ತಿರುಗಿಯಾದ್ರೂ ನೋಡ್ತಾನೆ ಅನ್ನಿಸ್ತು.

೧. ಬಾಗಿಲಿಗೆ ಹಾಕೋ ಔಷಧಿ

ಹಳೇ ಬಾಗಿಲ ಬಣ್ಣ ಬಿಡಿಸೋಕೆ ನಮ್ಮ ಕಡೆ ಒಂದೇ ಔಷಧಿ. ವಾಷಿಂಗ್ ಸೋಡಾನ ಕುದಿಯೋ ನೀರಿಗೆ ಹಾಕಿ, ಗೋಣಿಬಟ್ಟೆ ಅದ್ದಿ ಬಳಿದು, ಅರ್ಧ ಗಂಟೆ ಬಿಟ್ಟು ಕೆರೆಯೋದು. ಎಂಥ ಬಣ್ಣ ಇದ್ದರೂ ಹಾಲಿನ ಕೆನೆ ಥರ ಕೈಗೆ ಬರ್ತದೆ. ತಾಲ್ಲೂಕು ಕಚೇರಿ ಬಾಗಿಲು ಅಷ್ಟನ್ನೂ ಹೀಗೇ ಬಿಡಿಸಿದವನು ನಾನು. ಹಿತ್ತಲಲ್ಲಿ ಹಂಡೆ ತುಂಬ ನೀರು ಕಾಯಿಸಿ, ಗಿಟಾರಿಗೆ ಭರ್ಜರಿಯಾಗಿ ಬಳಿದು, ಮೇಲೆ ಒದ್ದೆ ಗೋಣಿ ಹೊದಿಸಿ, ಕಾಫಿ ಕುಡಿಯೋಕೆ ಒಳಗೆ ಹೋದೆ.

ಬಂದು ಗೋಣಿ ಎತ್ತಿದರೆ ಬಣ್ಣ ಬಂದಿತ್ತು. ಬಣ್ಣದ ಜೊತೆ ಹಿಂದಿನ ಹಲಗೆಯೂ ಬಂದಿತ್ತು. ಅದನ್ನ ಬರೀ ಅಂಟಿನಲ್ಲಿ ಕೂರಿಸಿರ್ತಾರೆ, ಒಂದು ಮೊಳೆ ಕೂಡ ಇರಲ್ಲ ಅಂತ ನನಗೇನು ಗೊತ್ತು? ಬಿಸಿನೀರಿಗೆ ಅಂಟು ಕರಗಿ, ಹಲಗೆ ಹಪ್ಪಳದ ಹಾಗೆ ಸೊಟ್ಟಗಾಗಿ ಪಕ್ಕದಲ್ಲಿ ಬಿದ್ದಿತ್ತು.

ಅವ್ವ ಬಂದು ಒಳಗೆ ಬಗ್ಗಿ ನೋಡಿದಳು. "ಅಯ್ಯೋ, ಒಳಗೆ ಏನೂ ಇಲ್ವಲ್ಲೋ! ಮತ್ತೆ ಇಷ್ಟು ದಿನ ಶಬ್ದ ಎಲ್ಲಿಂದ ಬರ್ತಿತ್ತು?" ಅಂದಳು.

"ಸುಮ್ನಿರವ್ವ, ಅವನಿಗೆ ಕೇಳಿಸ್ತದೆ" ಅಂತ ನಾನು ಹೇಳ್ತಿದ್ದ ಹಾಗೇ ಹಿತ್ತಲ ಬಾಗಿಲಲ್ಲಿ ತಮ್ಮ ನಿಂತಿದ್ದ. ನಾನು ಎರಡೂ ಕೈಯಲ್ಲಿ ಎರಡು ತುಂಡು ಹಿಡಿದುಕೊಂಡು ನಿಂತಿದ್ದೆ. ಅವನ ತುಟಿ ಅದುರಿತು. ನಾಲ್ಕು ತಿಂಗಳಿಂದ ಮುಚ್ಚಿದ್ದ ಬಾಯಿ.

"ಅಣ್ಣ, ಅದು ಬಾಗಿಲಲ್ಲ ಕಣಣ್ಣ! ಬಾಗಿಲಲ್ಲ!" ಅಂತ ಕಿರುಚಿದ.

ಕಿರುಚಿ ಒಳಗೆ ಹೋಗಿ ಮತ್ತೆ ಮಲಗಿದ. ನಾನು ಅಲ್ಲೇ ಕೂತೆ. ಬದುಕಿನಲ್ಲಿ ಅವನಿಗೆ ಉಳಿದಿದ್ದ ಒಂದು ಸಾಮಾನನ್ನೂ ಹಾಳು ಮಾಡಿದ್ನಲ್ಲ ಅಂತ ಆ ಎರಡು ತುಂಡನ್ನೂ ಒಂದಕ್ಕೊಂದು ಒತ್ತಿ ಒತ್ತಿ ನೋಡಿದೆ. ಅವ್ವ ಮಾತ್ರ ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಹತ್ರ ಬಂದಳು. ಕಿವಿಯಲ್ಲಿ ಮೆಲ್ಲಗೆ ಅಂದಳು:

"ಲೋ, ಮುಂದಿನ ಹಲಗೇನೂ ಬಿಚ್ಚಿಬಿಡೋ. ಇನ್ನೂ ನಾಕು ಮಾತಾಡ್ಲಿ."

೨. ಒಳಗೂ ಹೊರಗೂ

ಹಲಗೆಯನ್ನ ಒಬ್ಬ ಆಚಾರಿ ಹತ್ರ ಹೋಗಿ ಒತ್ತಿಸಿ, ಅಂಟು ಹಾಕಿಸಿ, ಹಗ್ಗ ಬಿಗಿದು ಎಂಟು ದಿನ ಇಟ್ಟೆವು. ಕೂತಿತು. ಇನ್ನು ನನ್ನ ಕೆಲಸ. ಒಳ್ಳೇ ಚಕ್ಕೆ ಅರಗು ತಂದು, ಸ್ಪಿರಿಟ್‌ನಲ್ಲಿ ನೆನೆಸಿ, ಹತ್ತಿ ಉಂಡೆಗೆ ಹಳೇ ಪಂಚೆ ಬಟ್ಟೆ ಸುತ್ತಿ, ಉಜ್ಜೋಕೆ ಕೂತೆ. ಒಂದು ವಾರ ಉಜ್ಜಿದೆ. ಮುಖ ಕಾಣಿಸೋ ಹಾಗೆ ಬಂತು.

ಇಲ್ಲಿ ನನ್ನ ಬುದ್ಧಿ ಸ್ವಲ್ಪ ಹೇಳಬೇಕು. ಕಳ್ಳ ಕೆಲಸಗಾರ ಮಂಚದ ಮೇಲ್ಗಡೆ ಮಾತ್ರ ಪಾಲಿಶ್ ಹಾಕಿ ಕೈ ತೊಳೀತಾನೆ. ನಾನು ಹಾಗಲ್ಲ, ಅಡಿಗೂ ಹಾಕ್ತೀನಿ. ಯಾರೂ ನೋಡದ ಕಡೆ ಹಾಕೋದೇ ಪಾಲಿಶ್ ಅಂತ ನಮ್ಮ ದಂಡಿನ ಮೇಸ್ತ್ರಿ ಹೇಳ್ತಿದ್ರು. ಹಾಗಾಗಿ ಉಳಿದ ಪಾಲಿಶನ್ನೆಲ್ಲ ಮುಂದಿನ ತೂತಿನಿಂದ ಒಳಗೆ ಹುಯ್ದು, ಗಿಟಾರನ್ನ ಗಿರಗಿರ ತಿರುಗಿಸಿ, ಮೂಲೆ ಮೂಲೆಗೂ ಹರಿಯೋ ಹಾಗೆ ಮಾಡಿದೆ. ಒಂದು ಸಲ ಅಲ್ಲ, ಐದು ಸಲ.

ತಂತಿ ಕಟ್ಟಿ ತಮ್ಮನ ಮುಂದೆ ತಂದಿಟ್ಟೆ. ತಿರುಗಿ ನೋಡಿದ. ಕಣ್ಣು ಅರಳಿತು, ಸುಳ್ಳು ಹೇಳಲ್ಲ. ಬಲಗೈ ಹೆಬ್ಬೆರಳಿನಿಂದ ಒಂದು ತಂತಿ ಮೀಟಿದ. ತಕ್ ಅಂತು. ಇನ್ನೊಂದು ಮೀಟಿದ. ಅದೂ ತಕ್ ಅಂತು. ಅಡಿಗೆಮನೆ ಮಣೆ ಮೇಲೆ ಕುಟ್ಟಿದ ಹಾಗೆ.

ತೂತಿನೊಳಗೆ ಬಗ್ಗಿ ನೋಡಿದ. ಮೂಸಿದ. "ಒಳಗೂ ಹಚ್ಚಿದ್ಯಾ?" ಅಂದ.

"ಐದು ಕೋಟು" ಅಂದೆ, ಹೆಮ್ಮೆಯಿಂದ.

"ಯಾಕೆ?"

"ಒಳಗೆ ಹಂಗೇ ಬಿಟ್ರೆ ಗೆದ್ದಲು ಹತ್ತಲ್ವೇನೋ?"

ಅವತ್ತು ಅವನು ನನ್ನನ್ನ ಬೈದದ್ದು ಅಷ್ಟಿಷ್ಟಲ್ಲ. ಒಳಗಿನ ಮರ ಬರಿಮೈಯಲ್ಲಿ ತೆಳ್ಳಗೆ ಇದ್ದರೇನೇ ಅದು ಅದುರಿ ಶಬ್ದ ಕೊಡೋದು, ಅದಕ್ಕೆ ಇಷ್ಟು ಅರಗು ಮೆತ್ತಿದರೆ ಉಸಿರು ಕಟ್ಟಿ ಸಾಯ್ತದೆ ಅಂತ ಕೈ ಆಡಿಸಿ ಆಡಿಸಿ ಹೇಳಿದ. ಬಟ್ಟೆ ಸುತ್ತಿಕೊಂಡಿದ್ದ ಎಡಗೈಯನ್ನ ಅವನು ನಮ್ಮ ಮುಂದೆ ಹೊರಗೆ ತೆಗೆದದ್ದು ಅದೇ ಮೊದಲು. ಬೈದು ಬೈದು ಸುಸ್ತಾಗಿ, ಅವ್ವ ತಂದಿಟ್ಟ ಎರಡು ಮುದ್ದೆ ಅವರೆಕಾಳು ಸಾರಲ್ಲಿ ನುಂಗಿದ. ಕೈ ತೊಳೆಯೋಕೆ ಎದ್ದವನು ಬಾಗಿಲಲ್ಲಿ ನಿಂತು, ಸಾಲದು ಅನ್ನೋ ಹಾಗೆ ಇನ್ನೊಂದು ಸೇರಿಸಿದ.

"ಗೆದ್ದಲು ಹತ್ತಿರೋದು ನಿನ್ನ ತಲೆಗೆ ಕಣಣ್ಣ. ಮೊದಲು ಅದಕ್ಕೆ ಐದು ಕೋಟು ಹಾಕ್ಕೋ."

೩. ಆಯುಧಪೂಜೆ

ಇದು ಚಿಕ್ಕದು. ಆಯುಧಪೂಜೆ ದಿನ ಅವ್ವ ಮನೇಲಿದ್ದ ಕುಡುಗೋಲು, ಈಳಿಗೆಮಣೆ, ನನ್ನ ಪಾಲಿಶ್ ಡಬ್ಬಿ ಎಲ್ಲಕ್ಕೂ ಪೂಜೆ ಮಾಡಿದಳು. ಗಿಟಾರಿಗೂ ಒದ್ದೆ ಕೈಯಲ್ಲಿ ಮೂರು ಬೆರಳು ವಿಭೂತಿ ಎಳೆದು, ಮಧ್ಯೆ ಕುಂಕುಮ ಇಟ್ಟಳು. ಅರಗಿನ ಪಾಲಿಶಿಗೆ ನೀರು ತಾಗಿ ಹಾಗೇ ನಿಂತರೆ ಬೆಳ್ಳಗಾಗಿಬಿಡ್ತದೆ. ಬೆಳಗ್ಗೆ ಎದ್ದು ಒರೆಸಿದರೆ ವಿಭೂತಿ ಹೋಯ್ತು, ಪಟ್ಟೆ ಹೋಗಲಿಲ್ಲ. ಗಿಟಾರು ಪರ್ಮನೆಂಟಾಗಿ ಶೈವದೀಕ್ಷೆ ತಗೊಂಡಿತ್ತು.

ಪೂಜೆ ದಿನವೇ ಮಗ್ಗದ ಸಾಹುಕಾರರ ಮನೆಯಿಂದ ಪುರಿ, ಬೆಲ್ಲ, ಕಡಲೆ ಬಂತು. ಅಲ್ಲೂ ಪೂಜೆ ಅಲ್ವಾ? ತಮ್ಮನ ಬೆರಳು ತಗೊಂಡ ಮಗ್ಗಕ್ಕೂ ಹೂ ಹಾಕಿ, ಬೂದುಗುಂಬಳಕಾಯಿ ಒಡೆದು, ಅದರ ಪ್ರಸಾದ ನಮ್ಮನೆಗೂ ಕಳಿಸಿದ್ರು. ತಂದವನಿಗೆ ತಲೆ ಎತ್ತಿ ನಮ್ಮ ಮುಖ ನೋಡೋ ಧೈರ್ಯ ಇರಲಿಲ್ಲ. ಅವ್ವ ತಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಎಸೆಯೋ ಹಾಗಿಲ್ಲ, ಪ್ರಸಾದ. ತಿನ್ನೋಣ ಅಂದ್ರೆ ಮನಸ್ಸು ಬರಲ್ಲ.

ತಮ್ಮ ಎದ್ದು ಬಂದು ಒಂದು ಮುಕ್ಕು ಪುರಿ ಬಾಯಿಗೆ ಹಾಕ್ಕೊಂಡು ಅಗಿದ. ನಾವಿಬ್ಬರೂ ಅವನ ಬಾಯನ್ನೇ ನೋಡ್ತಿದ್ವಿ.

"ನನ್ನ ಮೂರು ಬೆರಳು ತಿಂದೂ ಇವರಿಗೆ ಒಂದು ಚೂರು ಕೊಬ್ಬರಿ ಹಾಕೋಕಾಗಲಿಲ್ಲ ನೋಡವ್ವ" ಅಂದ.

೪. ಸೂಲಿಬೆಲೆಯ ಮಾವ

ಬಿಳೀ ಪಟ್ಟೆ ಹೋಗಬೇಕಲ್ಲ, ಸ್ಪಿರಿಟ್ ಹಾಕಿ ಒಳಗೂ ಹೊರಗೂ ಪೂರಾ ಅರಗು ಒರೆಸಿ ತೆಗೆದೆ. ಈ ಸಲ ನೀರಿಗೂ ಜಗ್ಗದ ವಾರ್ನಿಷ್ ಬಳಿದೆ. ವಾರ್ನಿಷ್ ಗಟ್ಟಿ, ನಿಜ. ಆದರೆ ಮೋಡ ಇದ್ದರೆ ಮೂರು ದಿನ ಆದರೂ ಒಣಗಲ್ಲ. ಜಗಲಿ ಮೇಲೆ ಒಂದು ಬೆಂಚಿನ ಮೇಲೆ ಅಂಗಾತ ಮಲಗಿಸಿದ್ದೆ.

ತಮ್ಮನಿಗೆ ಬೆರಳು ಹೋಗೋಕೆ ಮುಂಚೆ ಸೂಲಿಬೆಲೆ ಕಡೆಯಿಂದ ಒಂದು ಹುಡುಗಿ ನೋಡಿ, ಹೂ ಮುಡಿಸಿ ಬಂದಿದ್ವಿ. ಅವರ ಕಡೆಯಿಂದ ಆಮೇಲೆ ಸುದ್ದಿಯೇ ಇರಲಿಲ್ಲ. ಅವತ್ತು, ವಾರ್ನಿಷ್ ಬಳಿದ ಎರಡನೇ ದಿನ, ಹುಡುಗಿಯ ಸೋದರಮಾವ ಒಬ್ಬರೇ ಬಂದರು. ದೊಡ್ಡ ಆಳು, ಮಂಡಿ ನೋವು. ಜಗಲಿ ಮೇಲೇ ಕೂತರು. ಒಳಗೆ ಬನ್ನಿ ಅಂದರೂ ಬರಲಿಲ್ಲ. ಅಲ್ಲೇ ನನಗೆ ಗೊತ್ತಾಯ್ತು. ತಮ್ಮ ಟವಲ್ಲಿನಲ್ಲಿ ಎಡಗೈ ಮುಚ್ಚಿಕೊಂಡು ಕಂಬಕ್ಕೆ ಒರಗಿ ನಿಂತಿದ್ದ. ಅವ್ವ ಕಾಫಿ ಕೊಟ್ಟಳು. ಅವರು ಮಳೆ ಬೆಳೆ ಎಲ್ಲ ಮಾತಾಡಿದರು. ಕೊನೆಗೆ ಹೊರಡೋಕೆ ಅಂತ, ಏಳೋಕೆ ಆಸರೆಗೆ ಪಕ್ಕದ ಬೆಂಚಿನ ಮೇಲೆ ಕೈಯೂರಿದರು. ಬೆಂಚಿನ ಮೇಲಲ್ಲ, ಗಿಟಾರಿನ ಮೇಲೆ.

ಎದ್ದು ನಿಂತು ಎರಡೂ ಕೈ ಜೋಡಿಸಿದರು. "ತಾಯಿ, ತಪ್ಪು ತಿಳೀಬೇಡಿ. ಹುಡುಗಿ ತಾಯಿ ಒಪ್ತಾ ಇಲ್ಲ. ಋಣ ಇಲ್ಲ ಅನ್ಕೊಳಿ" ಅಂದರು.

ಅವರು ಜೋಡಿಸಿದ ಕೈ ಬಿಡಿಸೋಕೆ ನೋಡಿದರು. ಬರಲಿಲ್ಲ. ವಾರ್ನಿಷ್ ಅಂಗೈಗೆ ಅಂಗೈ ಕಚ್ಚಿಕೊಂಡಿತ್ತು. ಸಂಬಂಧ ಬೇಡ ಅಂದ ಮನುಷ್ಯ ಐದು ನಿಮಿಷ ನಮ್ಮ ಮುಂದೆ ಕೈ ಮುಗಿದುಕೊಂಡೇ ನಿಂತಿದ್ದರು. ಆಮೇಲೆ ನಮ್ಮ ಅವ್ವನೇ ಸೀಮೆಎಣ್ಣೆ ಬುಡ್ಡಿ ತಂದು, ಹುಯ್ದು, ಉಜ್ಜಿ ಬಿಡಿಸಿ ಕಳಿಸಿದಳು. ಅಂಥ ಹೊತ್ತಿನಲ್ಲೂ "ಉರಿ ಆಗ್ತಿದ್ಯಾ ಅಣ್ಣ?" ಅಂತ ಕೇಳಿದಳು.

ಗಿಟಾರಿನ ಮೇಲೆ ಅವರ ಬಲಗೈ ಅಚ್ಚು, ಐದು ಬೆರಳೂ ಸ್ಪಷ್ಟ, ಉಂಗುರದ ಗುರುತು ಸಮೇತ. ನಾನು ಕೆರೆಯೋಕೆ ಹೋದೆ. ತಮ್ಮ ತಡೆದ. ಆ ಅಚ್ಚನ್ನೇ ನೋಡ್ತಾ ನಿಂತ.

"ಹಂಗೇ ಬಿಡಣ್ಣ. ಈ ಮನೇಲಿ ಅದಕ್ಕಾದ್ರೂ ಐದು ಬೆರಳಿರ್ಲಿ" ಅಂದ.

೫. ಅಳತೆ

ಅಲ್ಲಿಗೆ ಮತ್ತೆ ಮಾತು ನಿಂತಿತು. ಈ ಸಲ ಮೊದಲಿಗಿಂತ ಕೆಟ್ಟದಾಗಿ. ಮೊದಲು ಎರಡು ತುತ್ತಾದರೂ ತಿಂತಿದ್ದ, ಈಗ ಬಾಯಿಗಿಟ್ಟದ್ದು ಬಾಯಲ್ಲೇ ಇರ್ತಿತ್ತು. ಅವ್ವ ರಾತ್ರಿ ಬಾಗಿಲಿಗೆ ಅಡ್ಡ ಮಲಗ್ತಿದ್ದಳು. ಮೂರು ವಾರ ಕಳೀತು. "ಆ ಪಾಪಿ ಕೈ ಗುರುತು ನಮ್ಮನೇಲಿ ಬೇಡ ಕಣೋ, ತೆಗೆದುಬಿಡು. ಅದನ್ನೇ ನೋಡ್ತಾ ಮಲಗಿರ್ತಾನೆ" ಅಂದಳು.

ಈ ಸಲ ಒಂದು ತಪ್ಪೂ ಆಗಬಾರದು ಅಂತ ತೀರ್ಮಾನ ಮಾಡಿದೆ. ಬೇರೆ ಕೆಲಸ ಒಂದನ್ನೂ ಒಪ್ಪಿಕೊಳ್ಳಲಿಲ್ಲ. ಗಾಜಿನ ಚೂರಿನಲ್ಲಿ ಮೆತ್ತಗೆ, ನೀರು ತಾಗಿಸದೆ, ವಾರ್ನಿಷ್ ಎಲ್ಲ ಕೆರೆದೆ. ಉಪ್ಪುಕಾಗದ ಹಾಕಿ ತಿಕ್ಕಿದೆ. ಅರಗನ್ನ ತೆಳ್ಳಗೆ, ಹೊರಗೆ ಮಾತ್ರ ಹಚ್ಚಿದೆ. ಒಳಗೆ ಒಂದು ತೊಟ್ಟು ಬೀಳಲಿಲ್ಲ.

ಉಳಿದದ್ದು ಕುತ್ತಿಗೆ. ಅದರ ಮೇಲೆ ಅಡ್ಡಡ್ಡ ಸಣ್ಣ ಹಿತ್ತಾಳೆ ಕಂಬಿ ಕೂರಿಸಿರ್ತಾರೆ ನೋಡಿ, ಹತ್ತೊಂಬತ್ತು ಇದ್ದವು. ಅವು ಇದ್ದರೆ ಪಾಲಿಶ್ ಬಟ್ಟೆ ಸಿಕ್ಕಿ ಹರೀತದೆ. ಹಾಗಾಗಿ ಒಂದೊಂದೇ ಇಕ್ಕಳದಲ್ಲಿ ಎತ್ತಿ ತೆಗೆದೆ. ತೆಗೆದ ಮೇಲೆ ನೋಡ್ತೀನಿ, ಕಂಬಿ ಕೂತಿದ್ದ ಗೆರೆಗಳು ಒಂದಕ್ಕೊಂದು ಸಮ ಇಲ್ಲ! ಮೇಲ್ಗಡೆ ಅಗಲ ಅಗಲ, ಕೆಳಗೆ ಬರ್ತಾ ಬರ್ತಾ ಒತ್ತೊತ್ತು. ಯಾವನೋ ಅರ್ಜೆಂಟ್ ಕೆಲಸಗಾರ, ಜಾಗ ಸಾಲದೆ ಕೊನೆಯಲ್ಲಿ ತುರುಕಿದ್ದಾನೆ ಅನ್ನಿಸ್ತು. ನನ್ನ ತಮ್ಮ ಇಷ್ಟು ವರ್ಷ ಇಂಥ ಅಡ್ಡಾದಿಡ್ಡಿ ಸಾಮಾನಲ್ಲಿ ಬಾರಿಸಿದ್ನಲ್ಲ ಪಾಪ ಅಂತ ಕಣ್ಣಲ್ಲಿ ನೀರೇ ಬಂತು. ಹಳೇ ಗೆರೆಗಳನ್ನೆಲ್ಲ ಮರದ ಪುಡಿ, ಅರಗು ಕಲಸಿ ಮುಚ್ಚಿ, ಅಡ್ಡಪಟ್ಟಿ ಇಟ್ಟು ಅಳೆದು, ಹತ್ತೊಂಬತ್ತನ್ನೂ ಸಮನಾದ ದೂರದಲ್ಲಿ ಕೊಯ್ದು ಕೂರಿಸಿದೆ. ಏಣಿ ಮೆಟ್ಟಿಲ ಹಾಗೆ ಬಂತು. ಅಷ್ಟು ಚೆಂದದ ಕೆಲಸ ನಾನು ಹಿಂದೆ ಮಾಡಿರಲಿಲ್ಲ, ಮುಂದೂ ಮಾಡಲಿಲ್ಲ.

ತಂತಿ ಕಟ್ಟಿ, ತಮ್ಮನ ಹಾಸಿಗೆ ಪಕ್ಕ ಇಟ್ಟೆ. ಅವನು ಗೋಡೆ ಕಡೆಯಿಂದ ಈ ಕಡೆ ತಿರುಗಿದ. ಕಣ್ಣು ಕುತ್ತಿಗೆ ಮೇಲೆ ನಿಂತಿತು. ಎದ್ದು ಕೂತ. ಗಿಟಾರನ್ನ ತೊಡೆ ಮೇಲೆ ತಗೊಂಡ. ಬೆರಳು ಹೋದ ಮೇಲೆ ತೊಡೆ ಮೇಲೆ ತಗೊಂಡಿದ್ದು ಅದೇ ಮೊದಲು. ಆ ಮೊಂಡುಗೈಯಿಂದ ಕಂಬಿಗಳನ್ನ ಒಂದೊಂದೇ ಸವರಿದ.

"ಇದೇನಣ್ಣ?"

"ಅದನ್ನ ಮಾಡಿದವನು ಕುಡಿದು ಕೂರಿಸಿದ್ದ ಕಣೋ. ಎಲ್ಲಾ ಸಮ ಮಾಡಿದೀನಿ. ಒಂದು ನೂಲು ಹೆಚ್ಚುಕಮ್ಮಿ ಇದ್ರೆ ನನಗೆ ಬೇರೆ ಹೆಸರಿಡು."

"ಆ ದೂರದಲ್ಲೇ ಕಣಣ್ಣ ಸ್ವರ ಇರೋದು. ದೂರ ತಪ್ಪಿದ್ರೆ ಎಲ್ಲಿ ಒತ್ತಿದ್ರೂ ಅಪಸ್ವರವೇ."

ನನಗೆ ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಅವನು ಗಿಟಾರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ಅವನ ಹೊಟ್ಟೆ ಅಲುಗಿತು. ಅಳ್ತಾನೇನೋ ಅಂದುಕೊಂಡೆ. ನಕ್ಕ. ಹಾಸಿಗೆ ಮೇಲೆ ಬಿದ್ದು, ಉಸಿರು ಕಟ್ಟೋ ಹಾಗೆ ನಕ್ಕ.

"ಇಷ್ಟು ದಿನ ನನಗೊಬ್ಬನಿಗೆ ಬಾರಿಸೋಕಾಗ್ತಿರಲಿಲ್ಲ. ಈಗ ಪ್ರಪಂಚದಲ್ಲಿ ಯಾವನಿಗೂ ಆಗಲ್ಲ!" ಅಂದ.

ನಗ್ತಾ ನಗ್ತಾನೇ ಅಳು ಬಂತು ಅವನಿಗೆ. ಬೆರಳು ಹೋದಾಗ ಅತ್ತಿರಲಿಲ್ಲ, ಹುಡುಗಿ ತಪ್ಪಿದಾಗ ಅತ್ತಿರಲಿಲ್ಲ. ಅವತ್ತು ನನ್ನ ತೊಡೆ ಮೇಲೆ ತಲೆ ಇಟ್ಟು ಒಂದು ಗಂಟೆ ಅತ್ತ. ಅವ್ವ ಬಾಗಿಲಲ್ಲಿ ಕೂತು ಅತ್ತಳು. ಆಮೇಲೆ ಅವನು ತಲೆ ಎತ್ತದೆಯೇ ಕೇಳಿದ.

"ಬೇಕೂಂತ ತಾನೇ ಮಾಡಿದ್ದು? ಮೊದಲಿಂದಾನೂ? ಮೂರು ತಾಲ್ಲೂಕಲ್ಲಿ ಹೆಸರಿರೋ ಕೆಲಸಗಾರ ನೀನು. ನಿನ್ನ ಕೈಲಿ ತಪ್ಪಾಗ್ತದಾ? ನಾನು ಬೈಲಿ, ಬಾಯಿ ಬಿಡ್ಲಿ ಅಂತ ಕೆಡಿಸ್ದೆ. ಇದನ್ನ ಇನ್ಯಾರೋ ಬಾರಿಸೋದನ್ನ ನಾನು ನೋಡಬಾರದು ಅಂತ ಕಂಬಿ ಕಿತ್ತೆ. ಅಲ್ವಾ ಅಣ್ಣ?"

ನಾನು "ಹೂಂ ಕಣೋ" ಅಂದೆ.

ಅವನು ಎದ್ದು ನನ್ನ ಕಾಲಿಗೆ ಬಿದ್ದ. ಮಾರನೇ ದಿನದಿಂದ ಊಟ ಮಾಡಿದ, ಹೊರಗೆ ಹೋದ. ನೂಲಿನ ಅಂಗಡಿಯಲ್ಲಿ ಕೆಲಸಕ್ಕೆ ನಿಂತ, ಮದುವೆಯಾದ, ಎರಡು ಹೆಣ್ಣುಮಕ್ಕಳಾದವು. ಮತ್ತೆ ಯಾವತ್ತೂ ಗಿಟಾರ್ ಮುಟ್ಟಲಿಲ್ಲ. ಆದರೆ ಮದುವೆ, ನಾಮಕರಣ, ಬೀಗರ ಊಟ, ಎಲ್ಲಿ ನಾಲ್ಕು ಜನ ಸೇರಲಿ, "ನಮ್ಮಣ್ಣ ಏನು ಮಾಡ್ದ ಗೊತ್ತಾ" ಅಂತ ಶುರು ಮಾಡೋನು. ನಾನು ತಲೆ ತಗ್ಗಿಸಿಕೊಂಡು ಪಾಯಸ ಕುಡೀತಿದ್ದೆ. ಎಷ್ಟೋ ಸಲ ನಿಜ ಹೇಳಿಬಿಡೋಣ ಅಂತ ಬಾಯಿವರೆಗೂ ಬಂತು. ಅವನ ಮುಖ ನೋಡಿ ನುಂಗಿಕೊಂಡೆ.

ಹೋದ ವರ್ಷ ಅವನು ತೀರಿಕೊಂಡ. ನನಗಿಂತ ಚಿಕ್ಕವನು, ನನಗಿಂತ ಮುಂಚೆ ಹೋದ. ಹನ್ನೊಂದನೇ ದಿನದ ಕಾರ್ಯಕ್ಕೆ ಬಂದವರ ಮುಂದೆ ಅವನ ದೊಡ್ಡ ಅಳಿಯ ಎದ್ದು ನಿಂತು, ಆ ಕತೆಯನ್ನ ಪೂರ್ತಿ ಹೇಳಿದ. ತಮ್ಮನ ಜೀವ ಉಳಿಸೋಕೆ ತನ್ನ ಕೆಲಸದ ಹೆಸರನ್ನೇ ಪಣಕ್ಕಿಟ್ಟು, ಕೈಯಾರೆ ಕೆಡಿಸಿದ ಪುಣ್ಯಾತ್ಮ ಇಲ್ಲೇ ಕೂತಿದ್ದಾರೆ ಅಂದ. ಇಡೀ ಚಪ್ಪರ ನನ್ನ ಕಡೆ ತಿರುಗಿ ಕೈ ಮುಗೀತು. ನಾನು ಟವಲ್ಲಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ತಮ್ಮನ ದುಃಖ ಅಂತ ಎಲ್ಲರೂ ಬೆನ್ನು ಸವರಿದರು. ದುಃಖ ಹೌದು. ಅವನು ಹೋದ ಮೇಲೆ ನನ್ನನ್ನ ಬೈಯೋರು ಈ ಭೂಮಿ ಮೇಲೆ ಯಾರೂ ಉಳಿದಿಲ್ಲ.

ಆದರೆ ಅಷ್ಟು ಜನ ಕೈ ಮುಗಿದಾಗ ನಾನು ಮುಖ ಮುಚ್ಚಿಕೊಂಡಿದ್ದು ನಾಚಿಕೆಗೆ ಕಣ್ರೀ. ದೇವರಾಣೆ, ಒಂದು ಸಲಾನೂ ನಾನು ಬೇಕೂಂತ ಕೆಡಿಸಿರಲಿಲ್ಲ. ಮೂರು ಸಲವೂ ನನ್ನ ಕೈಲಾದಷ್ಟು ಚೆನ್ನಾಗೇ ಮಾಡಿದ್ದೆ.